ರಾಣಿ ನಿಂತ ದಿಬ್ಬ

ಸೊಸೆ ಬಟ್ಟೆ ತುಂಬಿದ ಚೀಲ ಹಿಡಿದು ತವರೂರಿಗೆ ಟಿಕೆಟ್ ತೆಗೆದುಕೊಂಡಿದ್ದಳು. ಬಸ್ಸು ಇನ್ನೇನು ಹೊರಡಬೇಕು, ಅಷ್ಟರಲ್ಲಿ ಅತ್ತೆ ಏದುಸಿರು ಬಿಡುತ್ತ ಹತ್ತಿ ಪಕ್ಕದಲ್ಲೇ ಕೂತಳು. ಅವಳಿಗೆ ಟಿಕೆಟ್ ಕೊಡಲು ಬಂದ ಕಂಡಕ್ಟರ್‌ಗೆ ಅಲ್ಲಿಂದ ಕದಲಲು ಮನಸ್ಸಾಗಲಿಲ್ಲ.

“ಮುಂದಿನ ಸ್ಟಾಪು ಯಾವ್ದು ಗೊತ್ತೇನೇ?” ಅತ್ತೆ ಕೇಳಿದಳು.

“ರಾಣಿ ನಿಂತ ದಿಬ್ಬ. ಯುದ್ಧಕ್ಕೆ ಹೋದ ರಾಜನಿಗೆ ಕಾಯ್ತಾ ನಿಂತಿದ್ಲಂತೆ. ಈಗ್ಯಾಕತ್ತೆ ಅದೆಲ್ಲ?”

ಹೊಸ ಪ್ರಯಾಣಿಕರಿಗೆಲ್ಲ ಕಂಡಕ್ಟರ್ ಹೇಳುತ್ತಿದ್ದದ್ದೂ ಅದೇ ಕಥೆ.

“ಯಾವ ರಾಜ, ಯಾವ ರಾಣಿ! ನಿಂತಿದ್ದು ನಾನು ಕಣೇ. ಮದುವೆಯಾದ ವರ್ಷ, ನಿನ್ನ ಹಾಗೇ ಮುನಿಸ್ಕೊಂಡು, ಟ್ರಂಕು ಹೊತ್ಕೊಂಡು.”

“ನೀವಾ?”

“‘ಮಹಾರಾಣಿ ದಿಬ್ಬದ ಮೇಲೆ ನಿಂತಿದಾರಂತೆ, ಪಲ್ಲಕ್ಕಿ ಕಳಿಸ್ಬೇಕಾ’ ಅಂತ ನಿಮ್ಮ ಮಾವ ಜಗಲಿ ಮೇಲೆ ಕೂತು ನಗಾಡಿದ್ರು. ಊರವರ ಬಾಯಲ್ಲಿ ಅದೇ ಹೆಸರು ಉಳೀತು. ಯುದ್ಧಗಿದ್ಧ ಎಲ್ಲ ಆಮೇಲೆ ಸೇರಿಸಿದ್ದು.”

“ಅಲ್ಲೇ ಯಾಕೆ ನಿಂತ್ರಿ? ಹೋಗ್ಬಾರ್ದಿತ್ತಾ?”

“ಯಾರಾದ್ರೂ ಕರೆಯೋಕೆ ಬರ್ತಾರೇನೋ ಅಂತ. ಹೊತ್ತು ಮುಳುಗೋವರೆಗೂ ದಾರಿ ನೋಡ್ದೆ.”

“ಬಂದ್ರಾ?”

“ಒಂದು ನರಪಿಳ್ಳೆನೂ ಬರ್ಲಿಲ್ಲ. ನಾನೇ ವಾಪಸ್ ಹೋಗಿ ಒಲೆ ಹಚ್ಚಿದೆ.”

ಸೊಸೆ ತಲೆ ತಗ್ಗಿಸಿದಳು. ಅತ್ತೆಯ ಒಂದು ಕಾಲಲ್ಲಿ ಅವಳದೇ ಚಪ್ಪಲಿ, ಇನ್ನೊಂದರಲ್ಲಿ ಅವಳ ಮಗನದು.

“ಅದಕ್ಕೇ ಓಡಿ ಬಂದ್ರಾ?”

“ಮತ್ತೆ? ಆ ದಿಬ್ಬಕ್ಕೆ ಒಬ್ಬಳು ರಾಣಿ ಸಾಕು.”

ದಿಬ್ಬದ ಹತ್ತಿರ ಬಸ್ಸು ನಿಂತಿತು. ಸೊಸೆ ಚೀಲವನ್ನು ಹೆಗಲಿಗೇರಿಸಿ, ಅತ್ತೆಯ ಮೊಣಕೈ ಹಿಡಿದು ಇಳಿಸಿದಳು.

ದಿನವೂ ಗಂಟಲು ಹರಿಯುವಂತೆ ಕೂಗುತ್ತಿದ್ದ ಆ ಹೆಸರನ್ನು ಕಂಡಕ್ಟರ್ ಅವತ್ತು ಕೂಗಲಿಲ್ಲ. ಅವರಿಬ್ಬರೂ ರಸ್ತೆ ದಾಟಿ, ಊರಿಗೆ ವಾಪಸ್ ಹೋಗುವ ಬಸ್ಸು ನಿಲ್ಲುವ ಕಡೆ ಸೇರುವವರೆಗೂ ಸೀಟಿ ಊದದೆ ಕಾದ.