ಒಣಗದ ನೀಲಿ

ಸುಳ್ಳು ಹೇಳಿದರೆ ಈ ಮೀಸೆ ಬೋಳಿಸ್ತೀನಿ. ನಮ್ಮ ದೊಡ್ಡಪ್ಪನ ಮಗನಿಗೇ ಆದದ್ದು.

ಅವನು ಹೆಂಗಸರ ಡಾಕ್ಟರು. ಬಿಸಿ ಚಹಾ ಆರುವುದರೊಳಗೆ ಗರ್ಭಕೋಶ ತೆಗೆದು ಹೊಲಿಗೆ ಹಾಕಿ ಮುಗಿಸುತ್ತಿದ್ದ. ಆ ಚುರುಕು ನಮ್ಮ ವಂಶದ್ದೇ ಬಿಡಿ.

ಆ ರಾತ್ರಿ ಆಸ್ಪತ್ರೆಯಿಂದ ಹಳೇ ಬಾವಿ ಪಕ್ಕದ ದಾರಿಯಲ್ಲಿ ಒಬ್ಬನೇ ಹೊರಟಿದ್ದ. ಹಿಂದೆ ಸದ್ದು. ತೊಟ್... ತೊಟ್...

ನಿಂತ. ಸದ್ದೂ ನಿಂತಿತು.

ಬಾವಿ ಬತ್ತಿ ಎಷ್ಟೋ ಕಾಲ. ಹಗ್ಗವಿಲ್ಲ, ಕೊಡವಿಲ್ಲ. ಮತ್ತೆ ನಡೆದ. ತೊಟ್... ತೊಟ್... ಒಣಗಿದ ಎಲೆಯ ಮೇಲೆ ಹನಿ ಬಿದ್ದ ಹಾಗೆ.

ಆಗ ಇವನೇ ಗರ್ಭಕೋಶ ತೆಗೆದಿದ್ದ ಒಬ್ಬ ದರ್ಜಿ ಹೆಂಗಸು ನೆನಪಾದಳು. ಆಪರೇಷನ್ ಆದಮೇಲೆ ಹಗಲೂ ರಾತ್ರಿ ಮೂತ್ರ ಸೋರುತ್ತಿದೆ, ಮಿಷಿನ್ ಮುಂದೆ ಕೂರೋಕಾಗ್ತಿಲ್ಲ, ಗಿರಾಕಿಗಳು ಮೂಗು ಮುಚ್ಚಿಕೊಳ್ತಾರೆ ಅಂತ ಬಂದು ಅತ್ತಿದ್ದಳು. ಕತ್ತರಿ ಮೂತ್ರಕೋಶಕ್ಕೆ ತಾಗಿದ್ದು ಇವನಿಗೆ ಗೊತ್ತಿತ್ತು. ಮೂತ್ರಕೋಶಕ್ಕೆ ನೀಲಿ ನೀರು ತುಂಬಿ, ಕೆಳಗೆ ಹತ್ತಿ ಇಟ್ಟು ನೋಡಿದರೆ ಸಾಕು. ಹತ್ತಿ ನೀಲಿಯಾದರೆ ತೂತು ಬಿದ್ದಿದೆ ಅಂತ. ಇವನು ನೋಡಲಿಲ್ಲ. ನೀಲಿಯಾಗಿಬಿಟ್ಟರೆ ಹೆಸರು ಕೆಡುತ್ತಲ್ಲ.

"ಎಲ್ಲಾ ನಿಮ್ಮ ಭ್ರಮೆ ಅಮ್ಮಾ," ಅಂದ.

ತೂತಿನಲ್ಲಿ ಕ್ರಿಮಿಗಳು ಸೇರಿಕೊಂಡವು. ಸಿಕ್ಕ ಆಹಾರಕ್ಕೆ ತಕ್ಕಂತೆ ಗುಣ ಬದಲಿಸೋ ಜಾತಿ ಅವು. ಕರುಳಿನಲ್ಲಿದ್ದರೆ ಸಾಧು, ಜಾಗ ಬದಲಾದರೆ ರಾಕ್ಷಸ. ಮೂತ್ರಪಿಂಡಕ್ಕೆ ಏರಿದವು. ಅವಳು ಉಳಿಯಲಿಲ್ಲ.

ಈಗ ಕಿವಿಯ ಹತ್ತಿರವೇ ಅವಳದೇ ಪಿಸುಮಾತು.

"ಡಾಕ್ಟ್ರೇ... ಈಗಲಾದ್ರೂ ನೀಲಿ ನೀರು ಹಾಕಿ ನೋಡ್ತೀರಾ?"

ತಪ್ಪಾಯಿತು ಅನ್ನೋ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡ.

"ಭ್ರಮೆ," ಅಂದ.

"ಹಾಗಾದ್ರೆ ನೀವೇ ಇಟ್ಕೊಳ್ಳಿ."

ಬಾಗಿಲು ತೆಗೆದ ಹೆಂಡತಿ ಅವನ ಕಾಲ ಕಡೆ ನೋಡಿ, "ಇದೇನ್ರೀ ನೀಲಿ?" ಅಂದಳು. ಪ್ಯಾಂಟಿನಿಂದ ಹೊಸ್ತಿಲ ಮೇಲೆ... ತೊಟ್... ತೊಟ್...

ಅದು ನಿಲ್ಲಲೇ ಇಲ್ಲ. ದೊಡ್ಡ ದೊಡ್ಡ ಡಾಕ್ಟರುಗಳ ಮುಂದೆ ಮಲಗಿದರೆ ಮಾತ್ರ ಒಂದು ಹನಿಯೂ ಇಲ್ಲ. ಹತ್ತಿ ಬೆಳ್ಳಗೇ ಇರೋದು. ಎಲ್ಲರೂ ಬೆನ್ನು ತಟ್ಟಿ ಹೇಳಿದ್ದು ಅದೇ ಮಾತು, ಭ್ರಮೆ. ಬಸ್ಸಿನಲ್ಲಿ ಪಕ್ಕ ಕೂತವರು ಮೂಗು ಮುಚ್ಚಿಕೊಂಡು ಎದ್ದು ಹೋಗೋರು. ಕತ್ತರಿ ಹಿಡಿಯೋದು ಬಿಟ್ಟ. ತಪ್ಪಾಯಿತು ಅಂತ ಮಾತ್ರ ಇವತ್ತಿಗೂ ಅಂದಿಲ್ಲ.

ನಾನೋ, ದೆವ್ವಕ್ಕೇ ಜ್ವರ ಬರಿಸೋ ಗಂಡು. ಅವನ ಕುರ್ಚಿಯಲ್ಲಿ ಬೇಕಂತಲೇ ಕಾಲ ಮೇಲೆ ಕಾಲು ಹಾಕಿ ಕೂತು ಬಂದೆ. ಮನೆಗೆ ಬಂದು ನೋಡಿದರೆ ಪ್ಯಾಂಟಿನ ಹಿಂದೆ ಅಂಗೈಯಗಲ ನೀಲಿ.

ನಂಬದಿದ್ದರೆ ಬನ್ನಿ, ಹಿತ್ತಲ ತಂತಿಯ ಮೇಲೇ ಇದೆ. ಒಂದು ಬೇಸಿಗೆ ಪೂರ್ತಿ ಬಿಸಿಲು ಕಂಡಿದೆ.

ಇನ್ನೂ ಒಣಗಿಲ್ಲ.