ಎಡ ಕಾರ್ನರಿನ ಹುಡುಗಿ

ಲಿಂಗಸುಗೂರಿನ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕಕ್ಕೆ ಕಾಲೇಜಿನಲ್ಲಿ ಕಬಡ್ಡಿ ಆಡುವ ಗಿಡ್ಡ ಹುಡುಗಿಯೊಬ್ಬಳಿದ್ದಳು. ಮರುದಿನ ರಾಯಚೂರಿನಲ್ಲಿ ರೈಲ್ವೆ ತಂಡಕ್ಕೆ ಆಯ್ಕೆ; ಗೆದ್ದರೆ ಅವಳಿಗೆ ರೈಲ್ವೆಯಲ್ಲೇ ನೌಕರಿ. ತಾಯಿ ಅವಳನ್ನು ಮಸ್ಕಿಗೆ, ಮನೆಗೆ ಕರೆದೊಯ್ಯಲು ಬಂದಿದ್ದಳು.

“ಗಿಡ್ಡಿ ಅಂತ ವಾಪಸ್ ಕಳಿಸಿದ್ರ?” ಎಂದಳು ತಾಯಿ.

“ಎಡ ಕಾರ್ನರಿನಾಗ ನಿಂತು ರೇಡಿಗೆ ಬಂದವ್ರ ಕಾಲು ಹಿಡಿಯಾಕಿ ನಾ. ಉದ್ದನವ್ರು ಬಗ್ಗಬೇಕು ಯವ್ವಾ, ನಾ ಮೊದಲೇ ಅಲ್ಲಿರ್ತೀನಿ.”

“ಕೊಸರಿಕೊಂಡ್ರ?”

“ಬಿಡಂಗಿಲ್ಲ.”

“ಅದು ಖರೆ. ನಿದ್ದ್ಯಾಗ ನನ್ನ ಕಾಲೂ ಬಿಡಂಗಿಲ್ಲ ನೀ.”

“ಆವಾಗ ಏನ್ ಮಾಡ್ತಿ?”

“ಹಂಗೇ ಮಲಗಿರ್ತೀನಿ. ಹೊಳ್ಯಾಗ ತೇಲಿದಂಗ ಆಕ್ಕೈತಿ.”

“ನಾ ನೌಕರಿಗಿ ಹೋದ್ರ?”

ಮಸ್ಕಿ ಬಸ್ಸು ಬಂದು ನಿಂತಿತು. ತಾಯಿ ನಿದ್ದೆಗಣ್ಣಲ್ಲಿ ನೋಡುವವಳಂತೆ ನೋಡುತ್ತಲೇ ಅದನ್ನು ಹೋಗಗೊಟ್ಟಳು.

“ನಡಿ, ರಾಯಚೂರು ಬಸ್ ಅಲ್ಲೈತಿ. ನನ್ನ ಕಾಲಿಗಾದ್ರೂ ಆರಾಮ ಸಿಗ್ಲಿ,” ಎಂದು ಮಗಳ ಚೀಲವನ್ನು ತಾನೇ ಎತ್ತಿಕೊಂಡಳು.