ಮಂಚದ ಕೆಳಗಿನ ಇಟ್ಟಿಗೆ

ಅಣ್ಣ ತೀರಿಕೊಂಡನೆಂಬ ಸುದ್ದಿ ಬಂದ ಬೆಳಿಗ್ಗೆ, ಮೇಷ್ಟರು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಶವ ಒಪ್ಪಿಸುವ ಕಾಗದಕ್ಕಾಗಿ ಕಾಯುತ್ತಿದ್ದರು. ಪಕ್ಕದಲ್ಲಿ ಒಬ್ಬ ಬಸ್ ಡ್ರೈವರ್, ಅವನ ಹೆಂಡತಿ. ಜಪಕ್ಕೆಂದು ಕಣ್ಣು ಮುಚ್ಚಿದರೂ ಮೇಷ್ಟರ ಕಿವಿ ಮುಚ್ಚಲಿಲ್ಲ.

“ಎದೆಗೂ ಹೊಟ್ಟೆಗೂ ನಡುವೆ ಪರದೆ ಇದೆಯಂತೆ ಕಣೇ. ಅದರ ತೂತು ಅಗಲ ಆಗಿ, ಹೊಟ್ಟೆ ಮೇಲಕ್ಕೆ ನುಸುಳಿದೆಯಂತೆ. ಅದಕ್ಕೇ ಈ ಎದೆಯುರಿ.”

“ಎರಡು ತಿಂಗಳಿಂದ ಕೇಳ್ತಿದೀನಿ.”

“ಮಾತ್ರೆಗೆ ಬಗ್ಗದಿದ್ರೆ ಆಪರೇಷನ್ ಅಂದಿದ್ರು. ಇವತ್ತು ಕೊಯ್ಯೋಕೆ ದಿನ ಗೊತ್ತು ಮಾಡ್ತಾರೆ ನೋಡು.”

“ಹೇಳಿದ್ದೆಲ್ಲ ಮಾಡಿದ್ರಾ?”

“ಸ್ವಲ್ಪ ಸ್ವಲ್ಪ ತಿಂದೆ. ಉಂಡ ತಕ್ಷಣ ಮಲಗಲಿಲ್ಲ. ಬೆಲ್ಟ್ ಸಡಿಲ ಮಾಡ್ದೆ. ತಲೆ ಎತ್ತರ ಇರ್ಲಿ ಅಂತ ಮಂಚದ ಕಾಲಿಗೆ ಇಟ್ಟಿಗೆನೂ ಕೊಟ್ಟೆ.”

“ಕೊಟ್ರಿ. ಆಮೇಲೆ ಫ್ಯಾನ್ ಗಾಳಿ ಬರಲ್ಲ ಅಂತ ದಿಂಬು ಎತ್ಕೊಂಡು ಆ ತುದಿಗೆ ಹೋದ್ರಲ್ಲ.”



“ಅಂದ್ರೆ ನನ್ನ ಕಾಲು ಮೇಲಿತ್ತಾ?”

“ಎರಡು ತಿಂಗಳು.”

“ನೀನ್ಯಾಕೆ ಹೇಳ್ಲಿಲ್ಲ?”

“ಮಂಚದ ವಿಷಯ ನಂಗೆ ಬಿಡು ಅಂದೋರು ಯಾರು?”

“ಡಾಕ್ಟರಿಗೆ ಹೇಳ್ಬೇಡ. ಮರ್ಯಾದೆ ಹೋಗುತ್ತೆ.”

“ಹೊಟ್ಟೆ ಕೊಯ್ಸಿಕೊಂಡು ಮರ್ಯಾದೆ ಉಳಿಸ್ಕೋತೀರಾ? ಏಳಿ, ಕರೀತಿದ್ದಾರೆ. ನಾನೇ ಹೇಳ್ತೀನಿ.”

“ಬೇಡ ಮಾರಾಯ್ತಿ, ನಾನೇ ಹೇಳ್ತೀನಿ. ನೀನು ಹೇಳಿದ್ರೆ ಇಡೀ ಆಸ್ಪತ್ರೆಗೆ ಕೇಳುತ್ತೆ.”

ಇಬ್ಬರೂ ಒಳಗೆ ಹೋದರು. ಮೇಷ್ಟರಿಗೆ ತಡೆಯಲಾರದ ನಗು ಬಂತು. ಅಣ್ಣನಿಗೆ ಹೇಳಬೇಕೆಂದು ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿದರು. ಬೆಂಚು ಖಾಲಿಯಿತ್ತು. ಅವರು ಕೈ ಜೋಡಿಸಿದರು.

“ದೇವರೇ, ಇದನ್ನು ಕೇಳಿದ್ದರೆ ಅವನು ಬಿದ್ದು ಬಿದ್ದು ನಗುತ್ತಿದ್ದ. ನಗುವ ಜೀವ ಅದು. ಅದಕ್ಕೆ ಶಾಂತಿ ಕೊಡು.”